ಜೇನಿನ ಗೇಣು

ಕೂತ್ಕೊಳ್ರಪ್ಪ, ಎಲೆ ಅಡಿಕೆ ಆಮೇಲೆ ಹಾಕ್ಕೊಳ್ಳಿ. ಮೊದಲು ಕಥೆ ಕೇಳಿ. ಯಾವ ಸೀಮೆಯೋ, ಯಾವ ರಾಜನೋ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಅಲ್ಲೊಂದು ಊರು. ಊರಿಗೆಲ್ಲ ಒಂದೇ ಬಾವಿ. ಮನೆಗೆ ದಿನಕ್ಕೆ ಮೂರೇ ಕೊಡ ನೀರು.

ಆ ಊರಿಗೆ ಕೆಂಚವ್ವ ಅನ್ನೋ ಹೆಂಗಸು ಸೊಸೆ ಚಿಕ್ಕೀರಿಯನ್ನ ಕರಕೊಂಡು ಬರಿಗೈಲಿ ಬಂದಳು. ಊರವರು ಗೌಡರ ಹೊಲದ ಪಕ್ಕ ತುಂಡು ನೆಲ ಬಿಟ್ಟುಕೊಟ್ಟರು. "ಹೂವು ಬೆಳಕೊಂಡು ಬದುಕವ್ವ. ಆದರೆ ಊರಲ್ಲಿ ಮದುವೆ ಆದಾಗೆಲ್ಲ ಮದುಮಗಳಿಗೆ ಮೂರು ಮೊಳದ ಹಾರ ಕೊಡಬೇಕು. ಕಡಿಮೆ ಬಿತ್ತೋ, ನೆಲ ವಾಪಸ್ಸು," ಅಂದರು.

ಮಲ್ಲಿಗೆ ಹಾಕಿದಳು, ಒಣಗಿತು. ಸೇವಂತಿಗೆ ಹಾಕಿದಳು, ಒಣಗಿತು. ಮೂರನೇ ಸಲ ಕನಕಾಂಬರ ಹಾಕಿದಳು. ಬುಡಕ್ಕೆ ಕಡಲೇಕಾಯಿ ಸಿಪ್ಪೆ ಹೊದಿಸಿ, ಅಕ್ಕಿ ತೊಳೆದ ನೀರು ಚಿಮುಕಿಸಿದಳು. ಹಿಡೀತು ನೋಡಿ! ಒಂದು ಸಲ ನೆಟ್ಟ ಗಿಡ, ವರ್ಷವರ್ಷ ಬಿಡದೆ ಹೂ ಬಿಟ್ಟಿತು.

ಕೆಂಚವ್ವನದೊಂದು ಹಟ. ಗಿಡಕ್ಕೊಂದು ತೆನೆ ಹೂವು ಮುಟ್ಟುತ್ತಲೇ ಇರಲಿಲ್ಲ. ಅದು ಜೇನುಹುಳಕ್ಕೆ. "ನನಗೆ ಊರು ನೆಲ ಕೊಡ್ತು. ಅವಕ್ಕೆ ನಾನು ಕೊಡಬ್ಯಾಡವಾ?" ಅನ್ನೋಳು.

ಒಂದು ಬೇಸಿಗೇಲಿ ಏನಾಯ್ತು? ಒಂದೇ ವಾರ ಮೂರು ಮದುವೆ! ಎರಡಕ್ಕೆ ಹೂವು ಸರಿಹೋಯ್ತು. ಮೂರನೆಯದು ಗೌಡರ ಮಗಳದು. ಕೆಂಚವ್ವ ಕಟ್ಟಿದಳು, ಅಳೆದಳು. ಒಂದು ಗೇಣು, ಅಂದ್ರೆ ಅರ್ಧ ಮೊಳ, ಕಡಿಮೆ.

"ಅತ್ತೆ, ಜೇನಿಗೆ ಬಿಟ್ಟಿರೋ ತೆನೆ ಕಿತ್ತುಬಿಡಾನ," ಅಂದಳು ಚಿಕ್ಕೀರಿ.

"ಬ್ಯಾಡ ಕಣೇ."

"ಇವತ್ತೊಂದು ದಿನ ಕಣತ್ತೆ."

"ಬ್ಯಾಡ."

"ನೆಲ ಹೋದ್ರೆ ಎಲ್ಲಿಗೆ ಹೋಗಾನ?" ಮೂರನೇ ಸಲಕ್ಕೆ ಚಿಕ್ಕೀರಿ ಅತ್ತೇಬಿಟ್ಟಳು.

ಕೆಂಚವ್ವ ತೋಟಕ್ಕೆ ಹೋದಳು, ಕೈ ಚಾಚಿದಳು. ಬಿಟ್ಟ ತೆನೆ ಮೇಲೆಲ್ಲ ಜೇನು ಕೂತಿದ್ದವು. ಊಟಕ್ಕೆ ಕೂತೋರನ್ನ ಎಲೆ ಮುಂದಿಂದ ಎಬ್ಬಿಸೋದುಂಟೇನ್ರಪ್ಪ? ಕೈ ಹಿಂದಕ್ಕೆ ತಗೊಂಡಳು.

ಗಿಡ್ಡ ಹಾರ ಹಿಡಿದೇ ಚಪ್ಪರಕ್ಕೆ ಹೋದಳು. ಗೌಡರು ಮೊಳ ಹಾಕಿ ನೋಡಿದರು. ಮುಖ ಕೆಂಪಾಯಿತು. "ಮಾತು ಅಂದ್ರೆ ಮಾತು ಕಣವ್ವ. ನೆಲ ಬಿಡು."

ಪಕ್ಕದಲ್ಲೇ ಕುಂಬಳಕಾಯಿ ಹುಳಿ ತಿರುವುತ್ತಿದ್ದ ಗೌಡ್ತಿ ಸೌಟು ಹಿಡಿದೇ ಎದ್ದು ಬಂದಳು.

"ಅಲ್ಲ ಕಣ್ರೀ, ಈ ವರ್ಷ ಊರಲ್ಲಿ ಇನ್ಯಾರ ಹೊಲದಲ್ಲಾದ್ರೂ ಕುಂಬಳ ಕಾಯಿ ಕಚ್ಚಿತಾ? ಹೂ ಬಿಟ್ಟವು, ಉದುರಿದವು. ನಮ್ಮ ಬಳ್ಳಿ ತುಂಬ ಕಾಯಿ! ಇವಳ ಹೂವಿಗೆ ಬರೋ ಜೇನು ಬೇಲಿ ದಾಟಿ ನಮ್ಮ ಕುಂಬಳದ ಹೂವಿಗೂ ಬರೋದನ್ನ ದಿನಾ ಕಂಡಿದೀನಿ. ಹಾರದಲ್ಲಿ ಕಡಿಮೆ ಬಿದ್ದ ಗೇಣು ಎಲ್ಲೈತೆ ಅಂತ ಹುಡುಕ್ತಿದೀರಾ? ಇಗೋ, ಈ ಹಂಡೇಲಿ ಕುದೀತಾ ಐತೆ!"

ಗೌಡರು ಹಂಡೆ ನೋಡಿದರು, ಹಾರ ನೋಡಿದರು, ಕೆಂಚವ್ವನ ಮುಖ ನೋಡಿದರು. ತಾವೇ ಹಾರ ಎತ್ತಿ ಮಗಳ ಕೈಗೆ ಕೊಟ್ಟರು. "ನೆಲ ನಿನ್ನದೇ ಕಣವ್ವ. ನಿನ್ನ ಉಪಕಾರ ನಾವು ಮರೆಯೋ ಹಾಗಿಲ್ಲ."

"ನನ್ನದೇನೈತೆ ಗೌಡ್ರೆ? ಎಲ್ಲಾ ಅವುಗಳದು," ಅಂತ ಕೆಂಚವ್ವ ತೋಟದ ಕಡೆ ತಿರುಗಿ ಕೈ ಮುಗಿದಳು.

ಇವತ್ತಿಗೂ ಆ ಊರಲ್ಲಿ ಮದುಮಗಳ ಹಾರ ಎರಡೂವರೆ ಮೊಳ. ಯಾಕೆ ಅಂತ ನೆಂಟರು ಕೇಳಿದರೆ, ಮೊದಲು ಹುಳಿ ಬಡಿಸಿ ಆಮೇಲೆ ಹೇಳ್ತಾರೆ.

ಹಾರ ಮದುಮಗಳ ಕೊರಳಿಗೆ, ಹುಳಿ ನೆಂಟರ ಎಲೆಗೆ, ಕಥೆ ನಿಮ್ಮ ಕಿವಿಗೆ. ಈಗ ಹಾಕ್ಕೊಳ್ಳಿ ಎಲೆ ಅಡಿಕೆ.