ಮೆಟ್ಟಿಲ ದೀಪದ ಸ್ವಿಚ್ಚು

ಶಹಾಪುರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಕೋಣೆಯ ಮುಂದೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮೊಣಕೈ ಊದಿದ್ದ ಹೆಂಗಸೊಬ್ಬರು ಕುಳಿತಿದ್ದರು. ಆ ಕೈ ಅಲುಗದಂತೆ ಹಿಡಿದುಕೊಂಡಿದ್ದವರು ಆಕೆಯ ಬಾಡಿಗೆ ಮನೆಯ ಮಾಲೀಕರೆಂದು ಅವರ ಮಾತಿನಿಂದಲೇ ತಿಳಿಯಿತು.

“ಚಮನಬೀ, ಡಾಕ್ಟರ್ ಕೇಳಿದ್ರ ಬಚ್ಚಲದಾಗ ಜಾರಿದೆ ಅಂತ ಹೇಳ್ರಿ.”

“ಯಾಕ್ರಿ ಮಾನಪ್ಪ ಸಾವ್ಕಾರ್? ಬಿದ್ದದ್ದು ನಿಮ್ಮ ಮೆಟ್ಟಿಲ ಮ್ಯಾಲ.”

“ನಿಮಗ ವಯಸ್ಸಾಗ್ಯದ. ಕಣ್ಣು ಮಂಜು.”

“ನೀವು ಹಾಕ್ಕೊಂಡ ಅಂಗಿ ಹೊಲಿದಾಕಿ ನಾನ. ಸೂಜಿಗೆ ದಾರ ಇನ್ನೂ ನಾನ ಪೋಣಸ್ತೀನಿ.”

“ಮೆಟ್ಟಿಲಿಗೆ ದೀಪ ಹಾಕಿಸಿಲ್ಲೇನು ನಾ?”

“ಹಾಕಿಸೀರಿ. ಸ್ವಿಚ್ಚು ನಿಮ್ಮ ಅಂಗಡಿ ಒಳಗ ಅದ. ನೀವು ಶಟರ್ ಎಳದು ಹೋದ್ರಂದ್ರ, ಮ್ಯಾಲಿನವರೆಲ್ಲ ಗ್ವಾಡಿ ತಡವರಿಸಿಕೋತ ಹತ್ತಬೇಕು.”

“ಹೊರಗ ಇಟ್ರ ದಿನಾ ಉರಸ್ತೀರಿ.”

“ಹೌದ್ರಿ, ಉರಸ್ತೀವಿ. ಮತ್ತ ದೀಪ ಇರೂದು ಯಾತಕ್ಕ?”

“ಕೇಸಾದ್ರ ನನ್ನ ಮರ್ಯಾದಿ ಹೋಗ್ತದ, ತಾಯಿ.”

“ಕೈ ಹೋದ್ರ ನನ್ನ ಹೊಲಿಗೀನ ಹೋಗ್ತದ. ಕೆಲಸ ಬಿಟ್ಟು ಇಲ್ಲಿತನಕ ಕರಕೊಂಡು ಬಂದೀರಿ, ಆ ಉಪಕಾರ ಮರಿಯಂಗಿಲ್ಲ. ಸುಳ್ಳು ಮಾತ್ರ ಹೇಳಂಗಿಲ್ಲ.”

ನರ್ಸ್ ಬಾಗಿಲಿಗೆ ಬಂದು ಚಮನಬೀ ಅವರ ಹೆಸರು ಕೂಗಿದಳು. ಎಲ್ಲಿ ಬಿದ್ದಿರಿ ಎಂದು ಅಲ್ಲಿಂದಲೇ ಕೇಳಿದಳು.

“ಇವರ ಮೆಟ್ಟಿಲ ಮ್ಯಾಲ, ಕತ್ತಲ್ಯಾಗ. ಬೇಕಾದ್ರ ಇವರನ್ನ ಕೇಳ್ರಿ, ಇಲ್ಲೇ ಅದಾರ.”

ಕಾದಿದ್ದವರೆಲ್ಲ ತಿರುಗಿ ನೋಡಿದರು. ಮಾನಪ್ಪ ಬಗ್ಗಿ, ಬೆಂಚಿನ ಕೆಳಗೆ ಸರಿದಿದ್ದ ಆಕೆಯ ಚಪ್ಪಲಿಗಳನ್ನು ತೆಗೆದು ಕಾಲಿನ ಹತ್ತಿರ ಇಟ್ಟರು. ಚಮನಬೀ ಮೆಟ್ಟಿಕೊಂಡು ಎದ್ದರು. ಇಬ್ಬರೂ ಒಳಗೆ ಹೋದರು.