ಶೈಲಾಳನ್ನು ತವರಿಗೆ ಕಳಿಸಬೇಡ

೨೦೧೬ರ ಒಂದು ಬೆಳಿಗ್ಗೆ ಲೈಡನ್ ನಿಲ್ದಾಣದಲ್ಲಿ ಯುಟ್ರೆಕ್ಟ್ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಿಂದ ಧಾರವಾಡದ ಕನ್ನಡ ಕೇಳಿಸಿತು. ಅತ್ತೆ ಸೊಸೆ ಇಬ್ಬರೇ ಕೂತಿದ್ದರು.

“ವೈಶಾಲಿ, ನಮ್ಮ ತಂಗಿ ಶಾರವ್ವನ ಸೊಸಿ ಶೈಲಾ ಬಸರಾಗ್ಯಾಳಲ್ಲ, ಆಕಿ ರಕ್ತದಾಗ ಎಚ್‌ಐವಿ ಐತಂತ. ಕಾಯಂ ತವರಿಗೆ ಕಳಸ್ತೀನಿ ಅಂತಾಳ ನಮ್ಮ ತಂಗಿ.”

“ಯಾಕ್ರಿ ಅತ್ತಿ?”

“ಕೂಸಿಗೂ ಬರ್ತದಲ್ಲವಾ?”

“ಈಗಿಂದ ತಪ್ಪದಂಗ ಗುಳಿಗಿ ತಗೊಂಡ್ರ ಕೂಸಿಗೆ ಬರೂದು ಬಾಳ ಅಪರೂಪರಿ. ಇಲ್ಲಿ ಯುನಿವರ್ಸಿಟಿ ದವಾಖಾನ್ಯಾಗ ನಮ್ಮ ವಿಭಾಗದಾಗ ಅದರ ಮ್ಯಾಲೇ ಸಂಶೋಧನಾ ಮಾಡ್ತೀವಿ.”

“ಔಷಧ ಮಾರೋ ಕಂಪನ್ಯಾವ್ರು ಹಂಗ ಹೇಳ್ತಾರ.”

“ನಮ್ಮದು ಲಾಭಕ್ಕ ನಡಿಯೂ ಸಂಸ್ಥೆ ಅಲ್ರಿ. ಮೊನ್ನೆ ಹಂಗ ಗುಳಿಗಿ ತಗೊಂಡ ಒಬ್ಬ ತಾಯಿ ಮಗಳನ್ನ ಕರಕೊಂಡು ಬಂದಿದ್ಲು. ಆ ಹುಡುಗಿಗೆ ಏನೂ ಇಲ್ಲ. ನನ್ನ ಕುರ್ಚಿ ಮ್ಯಾಲೆ ಗಿರಿಗಿರಿ ತಿರುಗಿದ್ದ ತಿರುಗಿದ್ದು!”

“ಖರೇನ?”

“ಖರೇರಿ. ಅಂದಂಗ, ಶೈಲಾನ ಗಂಡಂದು ಟೆಸ್ಟ್ ಆಗೇತೇನು?”

ಅತ್ತೆ ಚೀಲದಿಂದ ಫೋನ್ ತೆಗೆದರು.

“ಅವನ್ನ ಯಾರೂ ಕೇಳೇ ಇಲ್ಲವಾ.”

“ಕೇಳಬೇಕ್ರಿ ಅತ್ತಿ.”

ಅಷ್ಟರಲ್ಲಿ ಅವರು ಕಾಯುತ್ತಿದ್ದ ಆ್ಯಮ್‌ಸ್ಟರ್‌ಡ್ಯಾಮ್ ರೈಲು ಬಂತು. ಅತ್ತೆ ಏಳುತ್ತಲೇ ಫೋನ್ ಹಚ್ಚಿದರು.

“ಹಲೋ, ಶಾರವ್ವ? ಶೈಲಾನ್ನ ಎಲ್ಲೂ ಕಳಸಬ್ಯಾಡ. ದವಾಖಾನಿಗೆ ಕರಕೊಂಡು ಹೋಗು, ಗುಳಿಗಿ ಸುರು ಮಾಡ್ಲಿ. ಕೂಸು ಆರಾಮ ಇರ್ತದ... ಯಾರು ಹೇಳಿದ್ರು ಅಂದ್ರ? ನನ್ನ ಸೊಸಿ ಹೇಳ್ಯಾಳ. ಆಕಿ ಕೆಲಸಾನ ಅದು!”

ಸೊಸೆ ಅವರ ಮೊಣಕೈ ಹಿಡಿದು ರೈಲು ಹತ್ತಿಸಿದಳು. ಬಾಗಿಲು ಮುಚ್ಚುವಾಗಲೂ ಅತ್ತೆಯ ದನಿ ಕೇಳುತ್ತಿತ್ತು.

“ಮತ್ತ ಇಲ್ಲಿ ಕೇಳ, ನಿನ್ನ ಮಗನ್ನೂ ಕರಕೊಂಡು ಹೋಗು. ಅವಂದೂ ಟೆಸ್ಟ್ ಆಗ್ಲಿ.”