ಸಣ್ಣಬಸಪ್ಪನ ನೀರಿನ ಡಬ್ಬಿ

ಇದು ನನ್ನ ಸೋದರಮಾವ ಹುಲುಗಪ್ಪನಿಗೆ ಆದದ್ದು. ಮಾವ ಕುಡಿಯುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಹಲ್ಲು ಕಿಸಿಯಬಾರದು.

ಬ್ರಿಟಿಷರ ಕಾಲ. ಯುದ್ಧ ನಡೆದಿತ್ತು. ನಮ್ಮ ರಾಯದುರ್ಗ ಆಗ ಮದರಾಸಿನವರ ಕೈಯಲ್ಲಿತ್ತು. ಹೊಲದಲ್ಲಿ ಕಡಲೆಕಾಯಿ ಕಾಯುವ ಸರದಿ ಮುಗಿಸಿ ಮಾವ ಕಲ್ಯಾಣದುರ್ಗದ ರಸ್ತೆ ಹಿಡಿದು ಒಬ್ಬನೇ ಬರುತ್ತಿದ್ದ. ಬೆಳದಿಂಗಳು ಅಷ್ಟಕ್ಕಷ್ಟೇ. ಊರ ಹೊರಗೆ ಒಂದು ಆಲದ ಮರ, ಅದರ ಮಗ್ಗುಲಿಗೇ ಬಾವಿ. ಅಲ್ಲಿಗೆ ಬಂದಾಗ ಕೇಳಿಸಿತು... ಗಳ, ಗಳ, ಗಳ... ಡಬ್ಬಿಯಿಂದ ನೀರು ಸುರಿಯುವ ಸದ್ದು. ಹಿಂದೆಯೇ, ಸುಸ್ಸ್... ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ.

ಮಾವ ನಿಂತುಬಿಟ್ಟ. ಆ ಸದ್ದು ಅವನಿಗೆ ಗೊತ್ತು. ಅದನ್ನು ಕೇಳಿ ಮೂರು ವರ್ಷವಾಗಿತ್ತು.

ಮಾವನ ಪಕ್ಕದ ಮನೆ ಹಂಪಕ್ಕನದು. ಬಟ್ಟೆ ಹೊಲಿಯುವ ಮನೆತನ. ಗಂಡ ಹೋದ ಮೇಲೆ ಮಿಷನ್ನು ತುಳಿದು ಒಬ್ಬನೇ ಮಗ ಸಣ್ಣಬಸಪ್ಪನನ್ನು ಸಾಕಿದಳು. ಅವನಿಗೋ ಸೂಜಿ ಕಂಡರೆ ಬೇಸರ, ಮೋಟಾರಿನ ಹುಚ್ಚು. ಬಳ್ಳಾರಿಯಲ್ಲಿ ಯಾವನೋ ದೊರೆ ಬಿಟ್ಟುಹೋಗಿದ್ದ ಹಳೇ ಕಾರು ತಂದ. ಪೆಟ್ರೋಲು ಸಿಗದ ದಿನಗಳು; ಹಿಂದುಗಡೆ ಇದ್ದಿಲ ಒಲೆ ಕಟ್ಟಿಸಿ ಅದರ ಗ್ಯಾಸಿನಿಂದಲೇ ಓಡಿಸುತ್ತಿದ್ದ. ಬಾಡಿಗೆ ಮುಗಿಸಿ ಬರುವಷ್ಟರಲ್ಲಿ ಗಾಡಿ ಕೆಂಡವಾಗಿರುತ್ತಿತ್ತು. ಈ ಬಾವಿಯ ಹತ್ತಿರ ನಿಲ್ಲಿಸಿ, ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ಸೇದಿ ಹೊಯ್ಯುವನು. ಡಬ್ಬಿಯನ್ನು ಕಲ್ಲಿನ ಮೇಲೆ ಬೋರಲು ಹಾಕುವನು, ಡಣ್! ಆಮೇಲೆ ಎರಡು ಸಲ ಹಾರ್ನು ಹಿಚುಕುವನು. ಪೋಂ... ಪೋಂ... ಅದು ಕೇಳಿದ್ದೇ ಹಂಪಕ್ಕ ರೊಟ್ಟಿಯ ಹೆಂಚು ಒಲೆಗೇರಿಸುತ್ತಿದ್ದಳು. ಸೊಸೆ ಚಿನ್ನಕ್ಕ ಬಾಗಿಲಿಗೆ ಬರುತ್ತಿದ್ದಳು.

ಒಂದು ದಿನ ಹೊಲಿದ ಮದುವೆ ಬಟ್ಟೆ ಕೊಡಲು ಮಡಕಶಿರಕ್ಕೆ ಹೋದ. ಕೊಟ್ಟ, ಉಂಡ. ಹೊತ್ತು ಮುಳುಗುವ ಮುಂಚೆ ಹೊರಟದ್ದನ್ನು ಮದುವೆ ಮನೆಯವರೆಲ್ಲ ನೋಡಿದ್ದಾರೆ. ಊರಿಗೆ ಬರಲಿಲ್ಲ. ಪೊಲೀಸರು ದಾರಿಯುದ್ದಕ್ಕೂ ಕೆರೆ ಬಾವಿ ಜಾಲಾಡಿದರು. ಒಂದು ಚಕ್ರ ಸಿಗಲಿಲ್ಲ, ಒಂದು ಚಪ್ಪಲಿ ಸಿಗಲಿಲ್ಲ. ಮನುಷ್ಯ ದೇಶಾಂತರ ಹೋದ ಅನ್ನೋಣ... ಅಷ್ಟು ದೊಡ್ಡ ಮೋಟಾರು ಎಲ್ಲಿ ಹೋಗುತ್ತದೆ? ಮಗ ದಣಿದು ಬಂದಾಗ ನೀರು ಸೇದುವುದು ತಪ್ಪಲಿ ಎಂದು ಹಂಪಕ್ಕ ಅಂದಿನಿಂದ ದಿನಾ ಸಂಜೆ ಬಾವಿಗೆ ಹೋಗಿ ಆ ಡಬ್ಬಿ ತುಂಬಿಸಿ ಇಟ್ಟು ಬರುತ್ತಿದ್ದಳು.

ಮಾವ ಆ ಸದ್ದು ಕೇಳಿದ ರಾತ್ರಿ ಕಳೆದರೆ ಕುಲದ ಹಿರಿಯರು ಕೂಡುವವರಿದ್ದರು. ಸಣ್ಣಬಸಪ್ಪ ಸತ್ತನೆಂದು ಕ್ರಿಯೆ ಮುಗಿಸಿ ಚಿನ್ನಕ್ಕನ ಬಳೆ ತೆಗೆಸುವುದು, ಆಮೇಲೆ ಉಡಿಕೆ ಮಾಡಿ ಅವಳಿಗೆ ಇನ್ನೊಬ್ಬ ಗಂಡನನ್ನು ನೋಡುವುದು. ಹಂಪಕ್ಕ ಮಾತ್ರ ಮಗ ಸತ್ತದ್ದನ್ನು ಯಾರು ಕಂಡಿದ್ದೀರಿ ಎಂದು ಹಟ ಹಿಡಿದಿದ್ದಳು.

ಈಗ ಮಾವ ನೋಡುತ್ತಾನೆ... ಮರದ ಕೆಳಗೆ ಕಾರು. ದೀಪ ಇಲ್ಲ. ಇದ್ದಿಲ ವಾಸನೆ. ಬಗ್ಗಿ ನೀರು ಹೊಯ್ಯುತ್ತಿರುವ ಬೆನ್ನು.

"ಸಣ್ಣಬಸಪ್ಪಾ..."

ಬೆನ್ನು ತಿರುಗಲಿಲ್ಲ. "ಹೂಂ ಮಾವ."

"ಎಲ್ಲಿಗ್ ಹೋಗಿದ್ಯಪಾ ಇಷ್ಟ್ ದಿನ?"

"ಎಲ್ಲಿಗೂ ಇಲ್ಲ. ಮನಿಗೇ ಹೊಂಟೀನಿ." ನೀರು ಹೊಯ್ಯುತ್ತಲೇ ಮತ್ತೆ ಅಂದನಂತೆ, "ಎಷ್ಟ್ ಹೊಯ್ದ್ರೂ ಬಿಸಿ ಆರವಲ್ದು ಮಾವ."

ಮಾವನ ಕಣ್ಣು ಅವನ ಪಾದದ ಮೇಲೆ ಬಿತ್ತು. ಅಷ್ಟರಲ್ಲಿ, ಡಣ್! ಮನೆ ಹೇಗೆ ಮುಟ್ಟಿದೆನೋ ತಿಳಿಯದು ಎನ್ನುತ್ತಿದ್ದ.

ನಸುಕಿನಲ್ಲೇ ಹೋಗಿ ಹಂಪಕ್ಕನಿಗೆ ಪಿಸುಮಾತಿನಲ್ಲಿ ಕಾರು ಕಂಡದ್ದು, ಮಾತಾಡಿದ್ದು ಹೇಳಿದ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನಿಮಗೆ ಗೊತ್ತಲ್ಲ? ಆ ಮುದುಕಿಗೂ ಗೊತ್ತು. ಅಳಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ. ಒಂದೇ ಮಾತು ಕೇಳಿದಳು.

"ಕಾಲು ನೋಡಿದ್ಯೇನೋ ಹುಲುಗಪ್ಪ?"

ಒಳಗೆ ಚಿನ್ನಕ್ಕ ರಾಗಿ ಬೀಸುತ್ತಿದ್ದಳು. ಬೀಸುಕಲ್ಲು ಗರ್ರ್... ಅಂತ ನಿಂತಿತು. ಬಳೆ ಸದ್ದೂ ನಿಂತಿತು.

"ನೋಡಿದೆ ಅಕ್ಕ," ಅಂದ ಮಾವ. "ನಮ್ಮಂಗ ಇದ್ದವು."

ಹಂಪಕ್ಕ ಹಿರಿಯರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಮಗನ ದಾರಿ ಕಾಯುತ್ತಲೇ ಕಣ್ಣು ಮುಚ್ಚಿದಳು, ಒಂಥರಾ ನೆಮ್ಮದಿಯಾಗಿ. ಆದರೆ ಚಿನ್ನಕ್ಕ? ಇಪ್ಪತ್ತು ತುಂಬಿರದ ಹುಡುಗಿ. ಕೈತುಂಬ ಬಳೆ ಹಾಕಿಕೊಂಡು, ಅತ್ತೆಯ ಮಿಷನ್ನು ತುಳಿಯುತ್ತಾ, ಅದೇ ಡಬ್ಬಿ ತುಂಬಿಸುತ್ತಾ ತಲೆ ನರೆಸಿಕೊಂಡಳು. ಅವಳು ಕೊಡ ಹೊತ್ತು ಬಾವಿಯ ಕಡೆ ಹೋಗುವಾಗ ಮಾವ ಮನೆಯೊಳಗೆ ಎದ್ದುಹೋಗುತ್ತಿದ್ದ. ಒಂದು ಮಾತಿನಲ್ಲಿ ಒಬ್ಬಳನ್ನು ಉಳಿಸಿ ಇನ್ನೊಬ್ಬಳನ್ನು ಕಟ್ಟಿಹಾಕಿದ್ದ. ಅದು ಅವನನ್ನು ತಿಂದುಹಾಕಿತು.

ಕೊನೆಗೆ ಮಾವ ಹಾಸಿಗೆ ಹಿಡಿದಾಗ ಚಿನ್ನಕ್ಕ ಗಂಜಿ ತಂದಿದ್ದಳು. ನಾನು ಅಲ್ಲೇ ಕೂತಿದ್ದೆ, ಕಿವಿಯಾರೆ ಕೇಳಿದ್ದೇನೆ. ಮಾವ ಅವಳ ಕೈ ಹಿಡಿದ.

"ಚಿನ್ನವ್ವ... ಆ ದಿನ... ಅವನ ಕಾಲು..."

"ಗೊತ್ತೈತಿ ಮಾವ," ಅಂದಳು. "ನಾನೂ ನೋಡೀನಿ. ಆ ವರ್ಷನೇ."

ಮಾವ ಹಿಡಿದ ಕೈ ಬಿಡಲಿಲ್ಲ. "ಮತ್ತ ಯಾಕ ಕುಂತಿ ತಾಯಿ?"

"ಬಿಸಿ ಆರವಲ್ದು ಅಂತಾನ. ನೀರು ಯಾರಿಡ್ತಾರ?"

ಮಾವ ಅದೇ ವಾರ ಹೋದ. ಚಿನ್ನಕ್ಕ ಹೋದದ್ದು ಮೊನ್ನೆ ಪುಷ್ಯ ಮಾಸದಲ್ಲಿ. ಮುತ್ತೈದೆ ಎಂದೇ ಅರಿಶಿನ ಕುಂಕುಮ ಇಟ್ಟು ಕಳಿಸಿದೆವು. ಆ ಸಂಜೆ ಡಬ್ಬಿ ತುಂಬಿಸಲು ಯಾರೂ ಇಲ್ಲವಲ್ಲ ಎಂದು ನನಗೇ ಸಂಕಟವಾಗಿ, ನಾನೇ ಹೋಗಿ ತುಂಬಿಸಿ ಇಟ್ಟು ಬಂದೆ. ನೀವು ನಂಬಿ, ಬಿಡಿ. ಬೆಳಿಗ್ಗೆ ಮಂಜು ಸುರಿಯುತ್ತಿತ್ತು, ಕಲ್ಲೆಲ್ಲ ಕೊರೆಯುತ್ತಿತ್ತು. ಡಬ್ಬಿ ಬೋರಲು ಬಿದ್ದಿತ್ತು. ಇದೇ ಕೈಯಿಂದ ಮುಟ್ಟಿ ನೋಡಿದೆ... ಇನ್ನೂ ಬೆಚ್ಚಗಿತ್ತು.